ಮಾರ್ಕ್ಸ್ ಹೇಳಿದ್ದು ನಿಜ, ಆದ್ರೆ ಯಾವ ವರ್ಷ?

ನಮ್ಮ ಓದು ಕೂಟದ ಈ ಸಲದ ಪಾಠ ಶುರುವಾಗಿದ್ದು ಲೈಬ್ರರಿಯಲ್ಲಿ ಅಲ್ಲ, ಹಾಸ್ಟೆಲ್ ಮೆಸ್‌ನಲ್ಲಿ, ಒಂದು ಜಗಳದಿಂದ.

ರಾತ್ರಿ ಊಟದ ಹೊತ್ತು. ನಮ್ಮಲ್ಲೊಬ್ಬ, "ಬ್ರಿಟಿಷರು ಏನೇ ಮಾಡಿರ್ಲಿ ಮಗಾ, ರೈಲು ಕೊಟ್ಟು ಹೋದ್ರು. ನಿಮ್ಮ ಮಾರ್ಕ್ಸೇ ಅದನ್ನ ಬರೆದಿದ್ದಾನೆ, ಹೋಗಿ ಓದು" ಅಂದ. ಎದುರಿಗೆ ಕೂತಿದ್ದ ಹುಬ್ಬಳ್ಳಿ ಗೆಳೆಯ ತಟ್ಟೆ ಪಕ್ಕಕ್ಕಿಟ್ಟ. ಅವನ ತಾತ, ಅಪ್ಪ ಇಬ್ಬರೂ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನವರು. "ಕೊಟ್ರು ಅಂತೀಯಲ್ಲ, ರೊಕ್ಕಾ ಯಾರ್ದು? ಮಾರ್ಕ್ಸ್ ಬರದಿದ್ದು ಅದಲ್ಲ. ರೈಲಿನ ಹೆಸರಾಗ ದೇಶಾನ ಹಿಂಡಿದ್ರು ಅಂತ ಬರದಾನ" ಅಂದ. ಆಮೇಲೆ ದನಿ ಏರಿತು. ಒಬ್ಬ "ಸಾಮ್ರಾಜ್ಯಶಾಹಿ ಏಜೆಂಟ್" ಆದ, ಇನ್ನೊಬ್ಬ "ಬಾಡಿಗೆ ಕಾಮ್ರೇಡ್" ಆದ. ನಾಲ್ಕು ದಿನ ಇಬ್ಬರೂ ಒಂದೇ ಟೇಬಲ್‌ಗೆ ಬರಲಿಲ್ಲ. ನಾವು ಉಳಿದವರು ಏನು ಮಾಡಿದೆವು? ಏನೂ ಓದದೇನೇ ಎರಡು ಪಾರ್ಟಿ ಆದೆವು.

ಐದನೇ ದಿನ ನಾಚಿಕೆಯಾಗಿ ಓದೋಕೆ ಕೂತೆವು. ಓದಿದ ಮೇಲೆ ಗೊತ್ತಾಗಿದ್ದು ಇಷ್ಟು: ಇಬ್ಬರೂ ಸುಳ್ಳು ಹೇಳಿರಲಿಲ್ಲ. ಒಬ್ಬನ ಮಾರ್ಕ್ಸ್ 1853ರವನು, ಇನ್ನೊಬ್ಬನ ಮಾರ್ಕ್ಸ್ 1881ರವನು.

ಎಂಜಿನಿಯರಿಂಗ್ ಡ್ರಾಯಿಂಗ್ ಶೀಟಿನ ಮೂಲೆಯಲ್ಲಿ ಒಂದು ಚಿಕ್ಕ ಚೌಕ ಇರುತ್ತದಲ್ಲ, ರಿವಿಷನ್ ನಂಬರ್ ಬರೆಯೋದು? ಹಳೇ ರಿವಿಷನ್ ಹಿಡಿದುಕೊಂಡು ಪಾರ್ಟ್ ಮಾಡಿದರೆ ಅದು ಕೂರೋದಿಲ್ಲ. ಮೆಸ್‌ನಲ್ಲಿ ಆಗಿದ್ದೂ ಅದೇ. ಇಬ್ಬರ ಕೈಯಲ್ಲೂ ಒಬ್ಬನೇ ಲೇಖಕನ ಎರಡು ರಿವಿಷನ್ ಇತ್ತು, ನಂಬರ್ ಮಾತ್ರ ಯಾರೂ ನೋಡಿರಲಿಲ್ಲ. ಹಾಗಾಗಿ ಈ ಪಾಠದಲ್ಲಿ ಒಂದೇ ವಸ್ತು ಹಿಡಿದು ಹೋಗೋಣ: ಭಾರತದ ರೈಲು ಹಳಿ. ಸಾಮ್ರಾಜ್ಯಶಾಹಿ ಅನ್ನೋ ದೊಡ್ಡ ಪದ ಅದರಿಂದಲೇ ಅರ್ಥವಾಗುತ್ತದೆ.

1853: ಲಂಡನ್ನಿನಿಂದ ಕಂಡ ಭಾರತ

1853ರ ಏಪ್ರಿಲ್ 16ರಂದು ಮುಂಬೈನ ಬೋರಿಬಂದರಿನಿಂದ ಠಾಣೆಗೆ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟಿತು. ದೂರ ಸುಮಾರು 34 ಕಿಲೋಮೀಟರ್. ಅದೇ ವರ್ಷ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಚರ್ಚೆಗೆ ಬಂದಿತ್ತು. ಆಗ ಕಾರ್ಲ್ ಮಾರ್ಕ್ಸ್ ಲಂಡನ್ನಿನಲ್ಲಿ ದೇಶ ಬಿಟ್ಟು ಬಂದವನಾಗಿ, ಬಡತನದಲ್ಲಿ ಸಂಸಾರ ಮಾಡುತ್ತಿದ್ದ. ಹೊಟ್ಟೆಪಾಡಿಗೆ ನ್ಯೂಯಾರ್ಕ್ ಡೈಲಿ ಟ್ರಿಬ್ಯೂನ್ ಪತ್ರಿಕೆಗೆ ಬರೆಯುತ್ತಿದ್ದ. ಭಾರತದ ಬಗ್ಗೆ ಅವನ ಪ್ರಸಿದ್ಧ ಲೇಖನಗಳು ಬಂದಿದ್ದು ಅಲ್ಲೇ, 1853ರ ಜೂನ್ ಮತ್ತು ಆಗಸ್ಟ್‌ನಲ್ಲಿ.

ಅವನ ವಾದ ಸರಳವಾಗಿ ಹೀಗೆ: ಬ್ರಿಟಿಷರ ಉದ್ದೇಶ ನೀಚವಾದದ್ದು, ಲಾಭ ಮಾತ್ರ. ಆದರೆ ತಮಗೇ ಗೊತ್ತಿಲ್ಲದೆ ಅವರು ಎರಡು ಕೆಲಸ ಮಾಡುತ್ತಿದ್ದಾರೆ. ಒಂದು, ಹಳೇ ಸಮಾಜವನ್ನು ಒಡೆಯೋದು. ಇನ್ನೊಂದು, ಹೊಸದಕ್ಕೆ ತಳಪಾಯ ಹಾಕೋದು. ಹತ್ತಿ ಸಾಗಿಸೋಕೆ ಹಳಿ ಹಾಕ್ತಾರೆ. ಆದರೆ ಕಬ್ಬಿಣ, ಕಲ್ಲಿದ್ದಲು ಇರುವ ದೇಶಕ್ಕೆ ಎಂಜಿನ್ ತಂದ ಮೇಲೆ ಅದನ್ನು ಇಲ್ಲೇ ತಯಾರಿಸುವುದನ್ನು ತಡೆಯೋಕೆ ಆಗಲ್ಲ. ರೈಲು ಆಧುನಿಕ ಕೈಗಾರಿಕೆಗೆ ದಾರಿ ಮಾಡುತ್ತದೆ, ಜಾತಿಯ ಮೇಲೆ ನಿಂತ ಕಸುಬಿನ ವಿಭಜನೆಯನ್ನು ಕರಗಿಸುತ್ತದೆ.

ನಮ್ಮ ಮೊದಲ ಗೆಳೆಯ ಓದಿದ್ದು ಇಲ್ಲಿಯವರೆಗೆ. ಆದರೆ ಆಗಸ್ಟ್ ಲೇಖನದಲ್ಲೇ ಮುಂದೆ ಇನ್ನೊಂದು ಮಾತಿದೆ. ಬ್ರಿಟನ್ನಿನಲ್ಲಿ ಕಾರ್ಮಿಕರು ಅಧಿಕಾರಕ್ಕೆ ಬರೋವರೆಗೆ, ಇಲ್ಲವೇ ಭಾರತೀಯರೇ ಬ್ರಿಟಿಷರ ನೊಗ ಕಿತ್ತೆಸೆಯುವಷ್ಟು ಬಲ ಪಡೆಯೋವರೆಗೆ, ಈ ಹೊಸ ಬೀಜಗಳ ಫಲ ಭಾರತೀಯರಿಗೆ ಸಿಗೋದಿಲ್ಲ ಅಂತ. 1853ರಲ್ಲಿ ನಮ್ಮ ದೇಶದ ಸ್ವಾತಂತ್ರ್ಯದ ಬಗ್ಗೆ ಯೂರೋಪಿನಲ್ಲಿ ಹೀಗೆ ಬರೆದವರು ತೀರಾ ಕಡಿಮೆ.

ಈ ರಿವಿಷನ್‌ನಲ್ಲಿ ದೋಷಗಳೂ ಇವೆ. ಮಾರ್ಕ್ಸ್ ಭಾರತಕ್ಕೆ ಯಾವತ್ತೂ ಬಂದವನಲ್ಲ. ಅವನ ಕೈಯಲ್ಲಿದ್ದದ್ದು ಪಾರ್ಲಿಮೆಂಟಿನ ವರದಿಗಳು, ಇಂಗ್ಲಿಷರು ಬರೆದ ಪುಸ್ತಕಗಳು. ಅವನ್ನೇ ನಂಬಿ ಭಾರತದ ಹಳ್ಳಿ ಸಾವಿರಾರು ವರ್ಷ ಬದಲಾಗದೆ ನಿಂತಿತ್ತು ಅಂದುಕೊಂಡ. ಇಲ್ಲಿನ ವ್ಯಾಪಾರ, ನೇಯ್ಗೆ, ಕೆರೆ ನೀರಾವರಿ, ರೈತರ ದಂಗೆಗಳ ಚರಿತ್ರೆ ಓದಿದವರು ಈ ಚಿತ್ರ ಒಪ್ಪಲ್ಲ.

ರೊಕ್ಕಾ ಯಾರ್ದು?

ಈಗ ಹುಬ್ಬಳ್ಳಿ ಗೆಳೆಯನ ಪ್ರಶ್ನೆಗೆ ಬರೋಣ. ರೈಲು ಹಾಕಿದ್ದು ಬ್ರಿಟನ್ನಿನಲ್ಲಿ ನೋಂದಾಯಿಸಿದ ಖಾಸಗಿ ಕಂಪನಿಗಳು. ಬಂಡವಾಳ ಲಂಡನ್ನಿನ ಷೇರುದಾರರದು. ಅಲ್ಲಿಗೆ ಅವರದೇ ದುಡ್ಡು ಅನ್ನಿಸುತ್ತದೆ. ಆದರೆ 1849ರಲ್ಲಿ ಆದ ಕರಾರು ನೋಡಿ. ಜಮೀನು ಕಂಪನಿಗೆ ಪುಕ್ಕಟೆ. ಹೂಡಿದ ಬಂಡವಾಳಕ್ಕೆ ವರ್ಷಕ್ಕೆ ಶೇ. 5 ಲಾಭ ಗ್ಯಾರಂಟಿ. ರೈಲು ಅಷ್ಟು ಸಂಪಾದನೆ ಮಾಡದಿದ್ದರೆ ಕೊರತೆ ತುಂಬೋದು ಭಾರತದ ಖಜಾನೆ, ಅಂದ್ರೆ ಇಲ್ಲಿನ ತೆರಿಗೆ.

ಒಂದು ಲೆಕ್ಕ ಹಾಕೋಣ. ಲಂಡನ್ನಿನ ಒಬ್ಬ 100 ಪೌಂಡ್ ಹಾಕಿದ ಅಂತಿಟ್ಟುಕೊಳ್ಳಿ. ಆ ವರ್ಷ ರೈಲು ಗಳಿಸಿದ್ದು 3 ಪೌಂಡ್. ಅವನ ಕೈಗೆ ಬರೋದು 5. ಉಳಿದ 2 ಪೌಂಡ್ ಎಲ್ಲಿಂದ? ರೈಲನ್ನೇ ನೋಡದ ರೈತನ ಕಂದಾಯದಿಂದ. ಇನ್ನೊಂದು ವರ್ಷ ರೈಲು 7 ಗಳಿಸಿತು ಅನ್ನಿ. ಆಗ 5ರ ಮೇಲಿನ ಲಾಭದಲ್ಲಿ ಕಂಪನಿಗೂ ಅರ್ಧ ಪಾಲು. ನಷ್ಟ ನಮ್ಮದು, ಲಾಭದಲ್ಲಿ ಪಾಲು ಅವರದು.

ಇದರ ಇನ್ನೊಂದು ಪರಿಣಾಮ ನಮ್ಮಂಥ ಎಂಜಿನಿಯರಿಂಗ್ ಹುಡುಗರಿಗೆ ತಕ್ಷಣ ಹೊಳೆಯುತ್ತದೆ. ಖರ್ಚು ಎಷ್ಟಾದರೂ ಅದರ ಮೇಲೆ ಶೇ. 5 ಖಾತ್ರಿ ಅಂದ ಮೇಲೆ ಖರ್ಚು ಕಡಿಮೆ ಮಾಡೋಕೆ ಯಾರು ತಲೆ ಕೆಡಿಸಿಕೊಳ್ತಾರೆ? ಇದು ಫೀಡ್‌ಬ್ಯಾಕ್ ಇಲ್ಲದ ಸಿಸ್ಟಂ. ಮೈಲಿಗೆ ಇಷ್ಟು ಅಂತ ಮೊದಲು ಹಾಕಿದ ಅಂದಾಜಿಗಿಂತ ನಿಜವಾದ ವೆಚ್ಚ ಎರಡು ಪಟ್ಟಿಗೂ ಜಾಸ್ತಿಯಾಯಿತು. 1869ರ ಹೊತ್ತಿಗೆ ಸರ್ಕಾರಕ್ಕೇ ಇದು ಭಾರ ಅನ್ನಿಸಿ, ತಾನೇ ಹಳಿ ಹಾಕೋಕೆ ಶುರು ಮಾಡಿತು.

1864ರಲ್ಲಿ ಬೆಂಗಳೂರಿಗೆ ಜೋಲಾರಪೇಟೆಯಿಂದ ಬಂದ ಮೊದಲ ರೈಲು ದಾರಿ ಕೂಡ ಮದ್ರಾಸ್ ರೈಲ್ವೆಯದು, ಅಂದ್ರೆ ಇದೇ ಥರದ ಗ್ಯಾರಂಟಿ ಕಂಪನಿಯದು. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿಯುವಾಗ ನಾವು ಯಾರೂ ಇದನ್ನ ಯೋಚಿಸಿರಲಿಲ್ಲ.

ಗಣಿತದ ಮೇಷ್ಟ್ರ ಲೆಕ್ಕ

ಈ ಲೆಕ್ಕವನ್ನು ದೇಶದ ಮಟ್ಟದಲ್ಲಿ ಹಾಕಿ ತೋರಿಸಿದವರು ದಾದಾಭಾಯಿ ನವರೋಜಿ. ಅವರು ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು. ಮಾರ್ಕ್ಸ್‌ವಾದಿ ಅಲ್ಲವೇ ಅಲ್ಲ. 1892ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಲಿಬರಲ್ ಪಕ್ಷದಿಂದ ಗೆದ್ದವರು. 1867ರಿಂದಲೇ ಅವರು ಒಂದು ಮಾತು ಹೇಳುತ್ತಾ ಬಂದರು: ಭಾರತದ ಸಂಪತ್ತು ಪ್ರತಿವರ್ಷ ಸೋರಿ ಹೋಗುತ್ತಿದೆ, ತಿರುಗಿ ಏನೂ ಬರುತ್ತಿಲ್ಲ. ಅಧಿಕಾರಿಗಳ ಸಂಬಳ, ಪಿಂಚಣಿ, ಸಾಲದ ಬಡ್ಡಿ, ರೈಲ್ವೆ ಲಾಭ, ಎಲ್ಲಾ ಸೇರಿ. 1901ರಲ್ಲಿ ಇದೆಲ್ಲಾ ಅವರ ದೊಡ್ಡ ಪುಸ್ತಕವಾಗಿ ಬಂತು.

ಭಾರತದ ಒಬ್ಬ ಮನುಷ್ಯನ ಸರಾಸರಿ ಆದಾಯ ವರ್ಷಕ್ಕೆ 20 ರೂಪಾಯಿ ಅಂತ ಅವರು ಅಂದಾಜು ಮಾಡಿದರು. ಅದು ಜಾಸ್ತಿಯೋ ಕಡಿಮೆಯೋ ಅಂತ ತೋರಿಸೋದು ಹೇಗೆ? ಅವರು ಜೈಲಿನ ಲೆಕ್ಕ ತೆಗೆದರು. ಒಬ್ಬ ಕೈದಿಯ ಊಟ ಬಟ್ಟೆಗೆ ಸರ್ಕಾರವೇ ಮಾಡೋ ಖರ್ಚಿಗಿಂತ ಸ್ವತಂತ್ರವಾಗಿ ದುಡಿಯೋ ಮನುಷ್ಯನ ಸರಾಸರಿ ಆದಾಯ ಕಡಿಮೆ ಇತ್ತು! ಇದನ್ನ ಓದಿದಾಗ ನಮ್ಮ ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬೈಗುಳ ಒಂದೂ ಇಲ್ಲ. ಎರಡು ಸಂಖ್ಯೆ ಪಕ್ಕ ಪಕ್ಕ ಇಟ್ಟಿದ್ದಾರೆ, ಅಷ್ಟೇ.

ರೈಲಿನ ಬಗ್ಗೆಯೂ ನವರೋಜಿ ಹೇಳಿದ್ದು ಗಮನಿಸಬೇಕು. ಅಮೆರಿಕಾ ಕೂಡ ವಿದೇಶಿ ಸಾಲದಲ್ಲೇ ರೈಲು ಹಾಕಿತು. ಆದರೆ ಅಲ್ಲಿ ಬಡ್ಡಿ ಹೋದರೂ ಉಳಿದ ಸಂಪಾದನೆ, ಸಂಬಳ, ಕೆಲಸ ಅಲ್ಲೇ ಉಳಿಯಿತು. ಇಲ್ಲಿ ಬಡ್ಡಿಯ ಜೊತೆಗೆ ದೊಡ್ಡ ಸಂಬಳಗಳು, ಕಬ್ಬಿಣದ ಸಾಮಾನಿನ ಆರ್ಡರು ಎಲ್ಲಾ ಹೊರಗೆ ಹೋಯಿತು. ಅಂದ್ರೆ ಅವರು ರೈಲಿಗೆ ವಿರೋಧಿ ಅಲ್ಲ, ಸಾಲಕ್ಕೂ ಅಲ್ಲ. ಹಿಡಿತ ಯಾರ ಕೈಲಿದೆ ಅನ್ನೋದೇ ಅವರ ಪ್ರಶ್ನೆ.

1881: ಹೊಸ ರಿವಿಷನ್

ಈಗ ತಿರುಗಿ ಮಾರ್ಕ್ಸ್‌ಗೆ ಬರೋಣ. 1857ರ ಬಂಡಾಯದ ಕಾಲಕ್ಕೇ ಅವನ ಧಾಟಿ ಬದಲಾಗಿತ್ತು. ಕಂದಾಯ ವಸೂಲಿಗೆ ಜನರಿಗೆ ಕೊಡುತ್ತಿದ್ದ ಚಿತ್ರಹಿಂಸೆಯ ಅಧಿಕೃತ ವರದಿಗಳನ್ನು ಓದಿ ಅದೇ ಪತ್ರಿಕೆಯಲ್ಲಿ ಬರೆದ. ಆಮೇಲೆ 1876ರಿಂದ 78ರ ಮಹಾ ಬರ ಬಂತು. ಮೈಸೂರು ಸಂಸ್ಥಾನ ಒಂದರಲ್ಲೇ ಜನಸಂಖ್ಯೆಯ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಯಿತು. ನಾವೆಲ್ಲಾ ಶನಿವಾರ ಹತ್ತೋ ಬೆಂಗಳೂರು-ಮೈಸೂರು ದಾರಿಯ ಮಣ್ಣು ಕೆಲಸ ನಡೆದದ್ದು ಆ ಬರದ ಪರಿಹಾರ ಕಾಮಗಾರಿಯಾಗಿ. ಹಸಿದವರು ಹಾಕಿದ ದಾರಿ ಅದು.

1881ರ ಫೆಬ್ರವರಿ 19ರಂದು ಮಾರ್ಕ್ಸ್ ರಷ್ಯಾದ ಡೇನಿಯಲ್ಸನ್‌ಗೆ ಒಂದು ಕಾಗದ ಬರೆದ. ಡೇನಿಯಲ್ಸನ್ ಅಂದ್ರೆ ಅವನ 'ಬಂಡವಾಳ' ಗ್ರಂಥವನ್ನು ರಷ್ಯನ್ ಭಾಷೆಗೆ ತಂದವರಲ್ಲಿ ಒಬ್ಬ. ಇಂಗ್ಲಿಷರು ಭಾರತದಿಂದ ವರ್ಷವರ್ಷ ಎಳೆದುಕೊಳ್ಳೋದರ ಪಟ್ಟಿ ಆ ಕಾಗದದಲ್ಲಿದೆ: ಕಂದಾಯ, ಪಿಂಚಣಿ, ಅಫ್ಘಾನಿಸ್ತಾನದ ಯುದ್ಧದ ಖರ್ಚು. ಅದರಲ್ಲೇ ಇನ್ನೊಂದು ಐಟಂ: ಭಾರತೀಯರಿಗೆ ಉಪಯೋಗವಿಲ್ಲದ ರೈಲುಗಳ ಲಾಭಾಂಶ. ಈ ಸೋರಿಕೆ ಆರು ಕೋಟಿ ದುಡಿಯುವ ಜನರ ಒಟ್ಟು ಆದಾಯಕ್ಕಿಂತ ಹೆಚ್ಚು ಅಂತ ಅವನ ಲೆಕ್ಕ.

28 ವರ್ಷದ ಹಿಂದೆ ಯಾವ ರೈಲು ಹೊಸ ಭಾರತದ ತಳಪಾಯ ಆಗಿತ್ತೋ, ಅದೇ ರೈಲು ಈಗ ಖರ್ಚಿನ ಪಟ್ಟಿಯಲ್ಲಿ. ರೈಲು ಬದಲಾಗಲಿಲ್ಲ, ಅವನ ಮುಂದೆ ಇದ್ದ ಲೆಕ್ಕ ಬದಲಾಯಿತು. ಆ ಕಾಲದಲ್ಲಿ ಮಾರ್ಕ್ಸ್‌ನ ಮನೆಗೆ ಹೋಗಿ ಬರುತ್ತಿದ್ದ ಹೈಂಡ್‌ಮನ್ ಅನ್ನೋ ಇಂಗ್ಲಿಷ್ ಸಮಾಜವಾದಿ ನವರೋಜಿಯವರ ಅಂಕಿಗಳನ್ನು ಬಳಸಿ 1878ರಲ್ಲೇ ಭಾರತದ ದಿವಾಳಿತನದ ಬಗ್ಗೆ ಬರೆದಿದ್ದ. ಲಂಡನ್ ಆಗ ಅಷ್ಟು ಚಿಕ್ಕ ಊರು!

ನಮಗೆ ಇಡೀ ಓದಿನಲ್ಲಿ ಇಷ್ಟವಾದ ಜಾಗ ಇದು. ಮಾರ್ಕ್ಸ್ ತನ್ನ ಹಳೇ ಮಾತಿಗೆ ಅಂಟಿಕೊಳ್ಳಲಿಲ್ಲ. ಅವನ ಹೆಸರಲ್ಲಿ ಜಗಳ ಆಡೋ ನಾವು ಅಂಟಿಕೊಂಡೆವು.

ಲೆನಿನ್ ಕೊಟ್ಟ ವ್ಯಾಖ್ಯೆ

ಹಾಗಾದರೆ ಸಾಮ್ರಾಜ್ಯಶಾಹಿ ಅಂದ್ರೆ ಏನು? ಬೇರೆ ದೇಶವನ್ನು ಗೆಲ್ಲೋದು ಅಂತ ಅಷ್ಟೇ ಅಂದರೆ ರೋಮ್, ಮೊಗಲರು, ವಿಜಯನಗರ ಎಲ್ಲಾ ಒಂದೇ ಆಗಿಬಿಡುತ್ತದೆ. ಲೆನಿನ್ 1916ರಲ್ಲಿ ಜೂರಿಕ್‌ನಲ್ಲಿ ಕೂತು, ಮೊದಲ ಮಹಾಯುದ್ಧದ ಮಧ್ಯೆ, ಇದರ ಮೇಲೆ ಒಂದು ಚಿಕ್ಕ ಪುಸ್ತಕ ಬರೆದ. ಹಾಬ್ಸನ್ ಅನ್ನೋ ಇಂಗ್ಲಿಷ್ ಲಿಬರಲ್‌ನ 1902ರ ಪುಸ್ತಕದಿಂದಲೂ ಹಿಲ್ಫರ್ಡಿಂಗ್‌ನ 1910ರ ಪುಸ್ತಕದಿಂದಲೂ ಸಾಮಗ್ರಿ ತೆಗೆದುಕೊಂಡ. ಅವನ ಪ್ರಕಾರ ಐದು ಲಕ್ಷಣ:

1. ಉತ್ಪಾದನೆ ಕೆಲವೇ ದೊಡ್ಡ ಸಂಸ್ಥೆಗಳ ಕೈಗೆ ಸೇರಿ ಏಕಸ್ವಾಮ್ಯ ಆಗೋದು.
2. ಬ್ಯಾಂಕ್ ಬಂಡವಾಳ, ಕೈಗಾರಿಕಾ ಬಂಡವಾಳ ಬೆರೆತು ಹಣಕಾಸು ಬಂಡವಾಳ ಆಗೋದು.
3. ಸರಕಿಗಿಂತ ಬಂಡವಾಳದ ರಫ್ತೇ ಮುಖ್ಯ ಆಗೋದು.
4. ದೊಡ್ಡ ಕಂಪನಿಗಳ ಕೂಟಗಳು ಲೋಕದ ಮಾರುಕಟ್ಟೆ ಹಂಚಿಕೊಳ್ಳೋದು.
5. ದೊಡ್ಡ ದೇಶಗಳು ಇಡೀ ಭೂಮಿಯನ್ನು ಹಂಚಿಕೊಂಡು ಮುಗಿಸಿರೋದು.

ಮೂರನೆಯದನ್ನು ನೋಡಿ. ಬಟ್ಟೆ ಮಾರಿದರೆ ವ್ಯಾಪಾರ ಅಲ್ಲಿಗೆ ಮುಗಿಯಿತು. ಹಳಿ ಹಾಕಿದರೆ ಹತ್ತಾರು ವರ್ಷ ಲಾಭಾಂಶ ಬರುತ್ತಲೇ ಇರಬೇಕು. ಅದು ಬರ್ತಾ ಇರಬೇಕಾದರೆ ಆ ದೇಶದ ಖಜಾನೆ, ಪೊಲೀಸು, ಕಾನೂನು ಎಲ್ಲಾ ಹಿಡಿತದಲ್ಲಿರಬೇಕು. 1920ರಲ್ಲಿ ಫ್ರೆಂಚ್, ಜರ್ಮನ್ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ ಲೆನಿನ್ ರೈಲನ್ನೇ ಉದಾಹರಣೆ ತೆಗೆದುಕೊಳ್ತಾನೆ. ರೈಲು ಹಾಕೋದು ನಾಗರಿಕತೆ ಹಂಚೋ ಸರಳ ಕೆಲಸದ ಹಾಗೆ ಕಾಣುತ್ತದೆ, ಆದರೆ ಆಸ್ತಿಯ ಸಾವಿರ ಎಳೆಗಳು ಅದನ್ನೇ ವಸಾಹತಿನ ಜನರನ್ನು ಅದುಮುವ ಸಾಧನ ಮಾಡಿವೆ ಅನ್ನೋದು ಅವನ ಮಾತಿನ ಸಾರ.

ಎಂಜಿನ್ ಇಲ್ಲೇ ಯಾಕೆ ಆಗಲಿಲ್ಲ?

ಮಾರ್ಕ್ಸ್‌ನ 1853ರ ಊಹೆ ಪರೀಕ್ಷೆ ಮಾಡಬಹುದಾದದ್ದು. ಎಂಜಿನ್ ಬಂದ ಮೇಲೆ ಇಲ್ಲೇ ತಯಾರಾಗುತ್ತದೆ ಅಂದಿದ್ದ. ಆಯಿತಾ?

ಜಪಾನಿನ ಮೊದಲ ರೈಲು 1872ರಲ್ಲಿ. ಲಂಡನ್ನಿನ ಸಾಲ, ಬ್ರಿಟಿಷ್ ಎಂಜಿನಿಯರುಗಳು, ಎಲ್ಲಾ ನಮ್ಮ ಹಾಗೇ. 1893ರಲ್ಲಿ ಅಲ್ಲಿ ಮೊದಲ ಸ್ವದೇಶಿ ಎಂಜಿನ್ ತಯಾರಾಯಿತು. ಭಾರತದಲ್ಲಿ 1895ರಲ್ಲಿ ಅಜ್ಮೀರ್ ವರ್ಕ್‌ಶಾಪಿನಲ್ಲಿ ತಯಾರಾಯಿತು. ಎರಡೇ ವರ್ಷದ ವ್ಯತ್ಯಾಸ! ಅಂದ್ರೆ ಕೈಗೆ ಕೆಲಸ ಬರುತ್ತಿತ್ತು. ಮುಂದೆ ಜಪಾನ್ ಸರ್ಕಾರ ತನ್ನ ಕಾರ್ಖಾನೆಗಳಿಗೇ ಆರ್ಡರ್ ಕೊಡುತ್ತಾ ಹೋಯಿತು. ಇಲ್ಲಿ ಆರ್ಡರು ಗ್ಲ್ಯಾಸ್ಗೋ, ಮ್ಯಾಂಚೆಸ್ಟರಿಗೆ ಹೋಯಿತು. ಸ್ವಾತಂತ್ರ್ಯ ಬರೋ ಹೊತ್ತಿಗೆ ಬ್ರಿಟನ್ನಿನಿಂದ ತರಿಸಿದ ಎಂಜಿನ್‌ಗಳು 12,000ಕ್ಕೂ ಹೆಚ್ಚು, ಇಲ್ಲಿ ತಯಾರಾದವು ಸುಮಾರು 700. ಚಿತ್ತರಂಜನ್ ಕಾರ್ಖಾನೆಯಿಂದ ಎಂಜಿನ್ ಹೊರಬಂದಿದ್ದು 1950ರಲ್ಲಿ.

ಹುಬ್ಬಳ್ಳಿ ಗೆಳೆಯ ಇದನ್ನ ಓದಿ ಹೇಳಿದ: "ನಮ್ಮ ತಾತ ಹೇಳ್ತಿದ್ರು, ಬಿಚ್ಚೋದು ಗೊತ್ತು, ಜೋಡಿಸೋದು ಗೊತ್ತು, ಹೊಸಾದು ಮಾಡಾಕ ಮಾತ್ರ ಯಾರೂ ಕೇಳಲಿಲ್ಲ ಅಂತ. ನಾ ಅದನ್ನ ಬರೇ ಹೆಮ್ಮೀ ಮಾತು ಅಂದ್ಕೊಂಡಿದ್ದೆ."

ಇನ್ನೊಂದು ಪಕ್ಕದ ಲೆಕ್ಕ

ಇಲ್ಲಿಗೆ ನಿಲ್ಲಿಸಿದರೆ ಮೊದಲ ಗೆಳೆಯನಿಗೆ ಅನ್ಯಾಯ. ಅರ್ಥಶಾಸ್ತ್ರಜ್ಞ ಡೇವ್ ಡೊನಾಲ್ಡ್‌ಸನ್ ಬ್ರಿಟಿಷ್ ಕಾಲದ ಜಿಲ್ಲಾವಾರು ಅಂಕಿ ಅಂಶ ಜೋಡಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರೈಲು ಬಂದ ಜಿಲ್ಲೆಗಳಲ್ಲಿ ಕೃಷಿಯ ನಿಜ ಆದಾಯ ಸುಮಾರು ಶೇ. 16ರಷ್ಟು ಏರಿತು. ಸಾಗಾಣಿಕೆ ಅಗ್ಗವಾಯಿತು, ಊರೂರಿನ ಬೆಲೆಗಳ ಅಂತರ ಕಡಿಮೆಯಾಯಿತು. ಹಾಗಾಗಿ ರೈಲು ಪೂರ್ತಿ ನಿರುಪಯುಕ್ತ ಅನ್ನೋ 1881ರ ಮಾತನ್ನೂ ಕಣ್ಣುಮುಚ್ಚಿ ಒಪ್ಪೋಕೆ ಆಗಲ್ಲ. ಅದಕ್ಕೂ ರಿವಿಷನ್ ಬೇಕು.

ಆದರೆ ಇದು ನವರೋಜಿಯವರ ಲೆಕ್ಕವನ್ನು ಸುಳ್ಳು ಮಾಡಲ್ಲ. ಒಂದು ಯಂತ್ರ ಉಪಯೋಗಕ್ಕೆ ಬಂತಾ ಅನ್ನೋದು ಒಂದು ಪ್ರಶ್ನೆ. ಅದರ ಬೆಲೆ ಯಾರು ಕೊಟ್ಟರು, ಲಾಭ ಎಲ್ಲಿಗೆ ಹೋಯಿತು, ಕಲಿಕೆ ಎಲ್ಲಿ ಉಳಿಯಿತು ಅನ್ನೋದು ಬೇರೆ ಪ್ರಶ್ನೆ. ನಮ್ಮ ಜಗಳದಲ್ಲಿ ಒಬ್ಬ ಮೊದಲನೆಯದಕ್ಕೆ ಉತ್ತರ ಕೊಡುತ್ತಿದ್ದ, ಇನ್ನೊಬ್ಬ ಎರಡನೆಯದಕ್ಕೆ.

ಮಾಲೀಕ ಬದಲಾದರೆ ಸಾಕಾ?

ಇಲ್ಲಿವರೆಗೆ ದೇಶದ ಮಾತಾಯಿತು, ವರ್ಗದ ಮಾತು ಬರಲಿಲ್ಲ. ಸಾಮ್ರಾಜ್ಯಶಾಹಿ ವಿರೋಧಿ ಆದವರೆಲ್ಲಾ ಮಾರ್ಕ್ಸ್‌ವಾದಿಗಳಲ್ಲ. ಇವೆರಡೂ ಎದುರುಬದುರಾದ ಪ್ರಸಿದ್ಧ ಸಂದರ್ಭ 1920ರದು. ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್‌ನ ಎರಡನೇ ಮಹಾಧಿವೇಶನದಲ್ಲಿ ಲೆನಿನ್ ಹೇಳಿದ್ದು, ವಸಾಹತುಗಳ ರಾಷ್ಟ್ರೀಯ ಚಳವಳಿಗೆ, ಅದರ ಮುಂದಾಳುಗಳು ಉಳ್ಳವರಾದರೂ, ಬೆಂಬಲ ಕೊಡಬೇಕು ಅಂತ. ಆಗ 33 ವರ್ಷದ ಎಂ. ಎನ್. ರಾಯ್ ಎದ್ದು ನಿಂತು, ಆ ಉಳ್ಳವರು ನಾಳೆ ಬ್ರಿಟಿಷರ ಜೊತೆ ರಾಜಿ ಆಗ್ತಾರೆ, ರೈತ ಕಾರ್ಮಿಕರ ಸಂಘಟನೆಯೇ ಮುಖ್ಯ ಅಂತ ವಾದಿಸಿದ. ಲೆನಿನ್ ಅವನನ್ನು ಏಜೆಂಟ್ ಅನ್ನಲಿಲ್ಲ. ತನ್ನ ಕರಡಿನಲ್ಲಿ ಪದ ತಿದ್ದಿದ. ರಾಯ್‌ನ ಕರಡೂ ತಿದ್ದುಪಡಿಯಾಯಿತು. ಕೊನೆಗೆ ಎರಡನ್ನೂ ಅಧಿವೇಶನ ಒಪ್ಪಿತು.

ಈ ಪ್ರಶ್ನೆ 1947ಕ್ಕೆ ಮುಗಿಯಲಿಲ್ಲ. 1974ರ ಮೇ 8ರಂದು ರೈಲ್ವೆ ಕಾರ್ಮಿಕರು ದೇಶದಾದ್ಯಂತ ಮುಷ್ಕರ ಹೂಡಿದರು. ಮುಂದಾಳು ಮಂಗಳೂರಿನಲ್ಲಿ ಹುಟ್ಟಿದ ಸಮಾಜವಾದಿ ಜಾರ್ಜ್ ಫರ್ನಾಂಡಿಸ್. ಬೇಡಿಕೆಗಳಲ್ಲಿ ಎಂಜಿನ್ ಓಡಿಸೋರಿಗೆ 8 ಗಂಟೆ ಕೆಲಸ, ಬೋನಸ್ ಇದ್ದವು. ಹಳಿ ನಮ್ಮದೇ, ಸರ್ಕಾರ ನಮ್ಮದೇ. ಆದರೂ ಸಾವಿರಾರು ಜನ ಜೈಲಿಗೆ ಹೋದರು, ಮೇ 27ಕ್ಕೆ ಮುಷ್ಕರ ನಿಂತಿತು. ನವರೋಜಿ ಕೇಳಿದ್ದು ದೇಶದಿಂದ ಏನು ಹೊರಗೆ ಹೋಗುತ್ತದೆ ಅಂತ. ದೇಶದ ಒಳಗೆ ಯಾರಿಂದ ಯಾರಿಗೆ ಹೋಗುತ್ತದೆ ಅನ್ನೋದು ಮಾರ್ಕ್ಸ್‌ನ ಪ್ರಶ್ನೆ. ಎರಡೂ ಬೇಕು.

ನಾವು ಕಲಿತದ್ದು

ಈ ಓದಿನಿಂದ ನಮ್ಮ ಕೂಟಕ್ಕೆ ನಾಲ್ಕು ನಿಯಮ ಮಾಡಿಕೊಂಡಿದ್ದೇವೆ. ಒಂದು, ಯಾರ ಮಾತನ್ನೇ ಹೇಳಿದರೂ ವರ್ಷ ಹೇಳಬೇಕು. ಎರಡು, ಆ ಲೇಖನ ಕೊನೆವರೆಗೆ ಓದಿರಬೇಕು, ಅರ್ಧ ಓದಿ ಮೆಸ್‌ಗೆ ಬರಬಾರದು. ಮೂರು, ಯಾವ ಯೋಜನೆ ಬಂದರೂ ಕೇಳಬೇಕು: ದುಡ್ಡು ಯಾರದು, ನಷ್ಟ ಯಾರಿಗೆ, ಲಾಭ ಎಲ್ಲಿಗೆ, ಕೆಲಸ ಕಲಿತವರು ಯಾರು? ನಾಲ್ಕು, 'ಸಾಮ್ರಾಜ್ಯಶಾಹಿ' ಅನ್ನೋದನ್ನ ಮನುಷ್ಯರನ್ನು ಬೈಯೋಕೆ ಬಳಸಬಾರದು. ಅದು ಒಂದು ವ್ಯವಸ್ಥೆಯ ಹೆಸರು, ಅದನ್ನು ಲೆಕ್ಕ ಹಾಕಿ ತೋರಿಸಬೇಕು.

ಮೂರನೇ ನಿಯಮ ನಮಗೇ ಜಾಸ್ತಿ ತಾಗುತ್ತದೆ. ಇನ್ನೆರಡು ವರ್ಷದಲ್ಲಿ ನಾವೂ ಸೇತುವೆ, ಸಾಫ್ಟ್‌ವೇರ್, ಸ್ಥಾವರ ಕಟ್ಟೋ ಕೆಲಸಕ್ಕೆ ಹೋಗುವವರು. ಹಳಿ ಹಾಕಿದ ಆ ಎಂಜಿನಿಯರುಗಳೂ ತಮ್ಮ ಕೆಲಸ ಚೆನ್ನಾಗಿಯೇ ಮಾಡಿದರು. ಗ್ಯಾರಂಟಿ ಕರಾರು ಓದೋದು ತಮ್ಮ ಕೆಲಸ ಅಂತ ಅವರಿಗೆ ಅನ್ನಿಸಿರಲಿಕ್ಕಿಲ್ಲ. ನಮ್ಮ ಸಿಲಬಸ್‌ನಲ್ಲೂ ಅದಿಲ್ಲ.

ಇಬ್ಬರು ಗೆಳೆಯರೂ ಈಗ ಒಂದೇ ಟೇಬಲ್‌ನಲ್ಲಿ ಊಟ ಮಾಡ್ತಾರೆ. ಜಗಳ ನಿಂತಿಲ್ಲ. ಮೊನ್ನೆ ಒಬ್ಬ "ಲೆನಿನ್ ಹೇಳಿದ್ದಾನೆ" ಅಂತ ಶುರು ಮಾಡಿದ. ಇನ್ನೊಬ್ಬ ಸಾಂಬಾರ್ ಬಡಿಸಿಕೊಳ್ಳುತ್ತಾ, "ಯಾವ ವರ್ಷ ಹೇಳಪಾ?" ಅಂದ.

ಮುಂದಿನ ಸಲ ರೋಸಾ ಲಕ್ಸೆಂಬರ್ಗ್ 1913ರಲ್ಲಿ ಬರೆದ ಬಂಡವಾಳ ಸಂಚಯನದ ಪುಸ್ತಕದಿಂದ ಒಂದು ಅಧ್ಯಾಯ ಓದುತ್ತಿದ್ದೇವೆ. ಯಾವ ಬ್ರಾಂಚಿನವರಾದರೂ ಬನ್ನಿ, ಒಪ್ಪದವರು ತಪ್ಪದೇ ಬನ್ನಿ.